ವಿಮಾನಯಾನದ ದೂರವೂ ವೇಳೆಯೂ

ಹೆಣ್ಣುಮಕ್ಕಳಿಗೆ ಭೂಗೋಲ, ಗಣಿತಗಳಿಂದಾಗುವ ಪ್ರಯೋಜನವೇನೆಂದು ಪಾಲಕರು ಆಗಾಗ ಕೇಳುವದುಂಟು. ಇದಕ್ಕೆ ಉತ್ತರವಾಗಿ ಒಂದು ವಿಮಾನಯಾನದ ಲೆಕ್ಕವನ್ನು ಇಲ್ಲಿ ಬಿಡಿಸಿ ತೋರಿಸುವೆನು. ಮಗಳನ್ನು ಪರದೇಶಕ್ಕೆ ಕಳುಹಿಸಿ, ಆಕೆ ಮುಟ್ಟಿದ ಸುದ್ದಿಗಾಗಿ ಕಾದಿರುವ ಮನೆಗಳು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಲ್ಲಿಯೂ ಇರುವವಷ್ಟೆ.

2021ನೆಯ ಇಸವಿಯ ಜನವರಿ 9ರಂದು ರಾತ್ರಿ ಸುಮಾರು 8½ ಗಂಟೆಗೆ ಏರ್ ಇಂಡಿಯಾದ ವಿಮಾನವೊಂದು ಅಮೇರಿಕೆಯ ಸಾನ್ ಫ್ರಾನ್ಸಿಸ್ಕೋ ಪಟ್ಟಣದಿಂದ ಹೊರಟು, 11ರ ಬೆಳಗಿನ ಜಾವ 3 ಗಂಟೆಯ ಬಳಿಕ ಬೆಂಗಳೂರಿನಲ್ಲಿ ಇಳಿಯಿತು. ಎರಡು ಗಡಿಯಾರಗಳನ್ನು ನೋಡಿ ಎಣಿಸಿದರೆ 30½ ತಾಸಿಗೂ ಹೆಚ್ಚಾಗುವದು. ಆದರೆ ಪ್ರಯಾಣಿಕರು ಆಕಾಶದಲ್ಲಿದ್ದದ್ದು 17 ತಾಸಿಗೆ ತುಸು ಮೇಲೆ. ಉಳಿದ ತಾಸುಗಳು ಎಲ್ಲಿ ಹೋದವು?

ಭೂಮಿಯು 24 ತಾಸುಗಳಲ್ಲಿ 360 ಅಂಶ ತಿರುಗುವದು; ಅಂದರೆ ಒಂದು ಅಂಶಕ್ಕೆ 4 ನಿಮಿಷ. ಭಾರತದ ಗಡಿಯಾರವು 82½ ಅಂಶ ಪೂರ್ವ ರೇಖಾಂಶವನ್ನೂ ಕ್ಯಾಲಿಫೋರ್ನಿಯದ ಗಡಿಯಾರವು 120 ಅಂಶ ಪಶ್ಚಿಮ ರೇಖಾಂಶವನ್ನೂ ಅನುಸರಿಸುವವು. ಕೂಡಿಸಿದರೆ 202½ ಅಂಶ. 4ರಿಂದ ಗುಣಿಸಿದರೆ 810 ನಿಮಿಷ, ಎಂದರೆ 13½ ತಾಸು. ನಮ್ಮ ಗಡಿಯಾರವು ಅಷ್ಟು ಮುಂದಿದೆ. 30½ರಿಂದ ಇದನ್ನು ಕಳೆದರೆ 17 ತಾಸು ಉಳಿಯುವದು. ಬೇಸಿಗೆಯಲ್ಲಿ ಅಲ್ಲಿಯವರು ಗಡಿಯಾರವನ್ನು ಒಂದು ತಾಸು ಮುಂದಿಡುವದರಿಂದ ಆಗ ಅಂತರವು 12½ ತಾಸು.

ಈ ನಿಯಮವನ್ನು ನಮ್ಮ ಅಂಗಳದಲ್ಲಿಯೇ ಪರೀಕ್ಷಿಸಬಹುದು. ಹಾವೇರಿಯು 82½ ಅಂಶದ ರೇಖೆಗಿಂತ ಸುಮಾರು 7 ಅಂಶ ಪಶ್ಚಿಮಕ್ಕಿದೆ. ಆದಕಾರಣ ನೆಟ್ಟ ಕೋಲಿನ ನೆರಳು ಇಲ್ಲಿ ಅತಿ ಗಿಡ್ಡವಾಗುವದು 12 ಗಂಟೆಗಲ್ಲ. ವರ್ಷದ ಸರಾಸರಿಯಲ್ಲಿ ಸುಮಾರು 12 ಗಂಟೆ 28 ನಿಮಿಷಕ್ಕೆ.

ಇನ್ನು ದೂರದ ವಿಷಯ. ಗೋಡೆಯ ನಕಾಶೆಯಲ್ಲಿ ಈ ಎರಡು ಊರುಗಳ ನಡುವೆ ಅಡ್ಡಗೆರೆ ಎಳೆದರೆ ನಿಜವಾದ ಹಾದಿ ತಿಳಿಯಲಾರದು. ದುಂಡಗಿನ ಭೂಮಿಯನ್ನು ಅಲ್ಲಿ ಚಪ್ಪಟೆ ಮಾಡಿದ್ದಾರೆ. ಭೂಗೋಲದ ಗುಂಡಿನ ಮೇಲೆ ದಾರವನ್ನು ಬಿಗಿಯಾಗಿ ಹಿಡಿಯಿರಿ. ಅದು ಉತ್ತರಕ್ಕೆ ಏರಿ, ಹಿಮಪ್ರದೇಶವನ್ನು ದಾಟಿ ಇಳಿಯುವದು; ಉದ್ದ ಸುಮಾರು 14,000 ಕಿಲೋಮೀಟರು. ನೆಟ್ಟಗೆ ಉತ್ತರಧ್ರುವದ ಮೇಲಿಂದಲೇ ಅಳೆದರೂ ಮುನ್ನೂರು ನಾಲ್ಕುನೂರು ಕಿಲೋಮೀಟರುಗಳಷ್ಟೇ ಹೆಚ್ಚಾಗುವವು. ಆ ದಿನದ ವಿಮಾನವು ಧ್ರುವದ ಮಾರ್ಗವನ್ನೇ ಹಿಡಿಯಿತು. ಗಾಳಿಯ ದಿಕ್ಕು ವೇಗಗಳಿಂದ ಪ್ರಯಾಣದ ವೇಳೆಯು ಹೆಚ್ಚುಕಡಿಮೆಯಾಗುವದರಿಂದ ಅದನ್ನೂ ನೋಡಿಯೇ ಹಾದಿಯನ್ನು ಗೊತ್ತುಮಾಡುವರು.

ಆ ವಿಮಾನವನ್ನು ನಡೆಸಿದವರು ನಾಲ್ವರೂ ಸ್ತ್ರೀಯರು: ಮುಖ್ಯಸ್ಥೆ ಝೋಯಾ ಅಗರವಾಲ್, ಅವರೊಡನೆ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವಾರೆ, ಶಿವಾನಿ ಮನ್ಹಾಸ್. ಅವರ ವಿದ್ಯೆಗೆ ತಳಹದಿಯಾದ ಅಂಶ, ರೇಖೆ, ಗುಣಾಕಾರಗಳು ನಮ್ಮ ವರ್ಗಗಳಲ್ಲಿ ಕಲಿಸುವವುಗಳೇ. ಆದುದರಿಂದ ಪಾಲಕರೇ, ಮಗಳು ಪುಸ್ತಕ ಹಿಡಿದು ಕುಳಿತಾಗ ಮನೆಗೆಲಸವು ಅರ್ಧ ತಾಸು ಕಾಯಲಿ. ಹತ್ತನೆಯ ವರ್ಗ ಮುಗಿಯಿತೆಂದು ಆಕೆಯ ಓದನ್ನು ನಿಲ್ಲಿಸದಿರಿ.

ಪೂರ್ವ ವಿದ್ಯಾರ್ಥಿನಿಯರಿಗೆ ಒಂದು ಅಭ್ಯಾಸ: ಜನವರಿಯಲ್ಲಿ ಬ್ಯಾಡಗಿಯ ತಾಯಿಯೊಬ್ಬಳು ರಾತ್ರಿ 9 ಗಂಟೆಗೆ ಕ್ಯಾಲಿಫೋರ್ನಿಯದ ಮಗಳಿಗೆ ಫೋನು ಮಾಡಿದರೆ ಅಲ್ಲಿ ಎಷ್ಟು ಗಂಟೆ? ಅದೇ ದಿನದ ಬೆಳಗಿನ 7½ ಎಂದು ಬಂದರೆ ನಿಮ್ಮ ಲೆಕ್ಕ ಸರಿ.