ಹಳೆಯ ಸ್ಮಾರ್ಟ್‌ಫೋನಿನಲ್ಲಿ ಜಾವಾ ಆ್ಯಪ್ ಓಡಿಸುವ ಕ್ರಮ

ಆಂಡ್ರಾಯ್ಡ್ ಮನೆಮನೆಗೂ ಬರುವ ಮೊದಲು ಮೊಬೈಲಿನ ಆಟ, ನಿಘಂಟು, ಬ್ರೌಸರ್‌ಗಳಲ್ಲಿ ಹೆಚ್ಚಿನವು ಜಾವಾ ಆ್ಯಪ್‌ಗಳೇ ಆಗಿದ್ದವು. ಕನ್ನಡ ಫಾಂಟ್ ಇಲ್ಲದ ಫೋನಿನಲ್ಲೂ ಒಪೆರಾ ಮಿನಿ ಅಕ್ಷರಗಳನ್ನು ಚಿತ್ರವಾಗಿಸಿ ಕನ್ನಡ ಪುಟಗಳನ್ನು ತೋರಿಸುತ್ತಿತ್ತು. ಈಗಿನ ಡೈಲಿಹಂಟ್ ಕೂಡ 2009ರಲ್ಲಿ ನ್ಯೂಸ್‌ಹಂಟ್ ಎಂಬ ಹೆಸರಿನಲ್ಲಿ ಆರಂಭವಾಗಿ ಜಾವಾ ಫೋನುಗಳಿಗೆ ಪತ್ರಿಕೆಗಳನ್ನು ತಲುಪಿಸಿತ್ತು. ಮುಂಬೈ, ಬೆಂಗಳೂರು, ಗಲ್ಫ್ ಕಡೆ ದುಡಿಯುವವರು ತಂದುಕೊಟ್ಟ ಅಂದಿನ ಫೋನುಗಳು ಕೋಟೇಶ್ವರ, ಕುಂದಾಪುರದ ಮನೆಗಳ ಕಪಾಟಿನಲ್ಲಿ ಇನ್ನೂ ಇರುವುದುಂಟು. ಬ್ಯಾಟರಿ ಸರಿಯಿದ್ದರೆ ಅವುಗಳಲ್ಲಿ ಜಾವಾ ಆ್ಯಪ್ ಓಡಿಸಬಹುದು.

ಹಂತ 1: ಫೋನಿನ ಪರೀಕ್ಷೆ

ಮೊದಲು ಬ್ಯಾಟರಿಯನ್ನು ಹೊರತೆಗೆದು ನೋಡಬೇಕು. ಉಬ್ಬಿದ್ದರೆ ಚಾರ್ಜಿಗೆ ಹಾಕಬಾರದು, ಬದಲಿಸಬೇಕು. ನೋಕಿಯಾ 5233ಕ್ಕೆ ಬಿಎಲ್-5ಜೆ, ಇ63ಕ್ಕೆ ಬಿಪಿ-4ಎಲ್ ಬ್ಯಾಟರಿ ಹೊಂದುತ್ತದೆ. ಕರಾವಳಿಯ ತೇವಕ್ಕೆ ಸಂಪರ್ಕದ ಪಿನ್ನುಗಳು ಹಸಿರುಗಟ್ಟಿದ್ದರೆ ಒಣಬಟ್ಟೆಯಿಂದ ಒರೆಸಬೇಕು.

ವಿದೇಶದಿಂದ ತಂದ ಫೋನು ಅಲ್ಲಿನ ಕಂಪನಿಗೆ ಲಾಕ್ ಆಗಿರಬಹುದು. ಇಲ್ಲಿನ ಸಿಮ್ ಹಾಕಿದಾಗ ಅನ್‌ಲಾಕ್ ಕೋಡ್ ಕೇಳದೆ ನೆಟ್‌ವರ್ಕ್ ಸಿಕ್ಕರೆ ಅದು ಅನ್‌ಲಾಕ್ ಆಗಿರುವ ಫೋನು. ಇಂಟರ್ನೆಟ್ ಬೇಡದ ಆ್ಯಪ್‌ಗಳಿಗೆ ಸಿಮ್‌ ಅಗತ್ಯವಿಲ್ಲ. ಆಂಡ್ರಾಯ್ಡ್ ಫೋನನ್ನು ರೂಟ್ ಮಾಡುವ, ಅಂದರೆ ಅದರ ಒಳವ್ಯವಸ್ಥೆಯ ಪೂರ್ಣ ಹಿಡಿತ ಪಡೆಯುವ ಅವಶ್ಯಕತೆಯೂ ಇಲ್ಲ.

ಹಂತ 2: ಕಡತದ ಪರೀಕ್ಷೆ

ಜಾವಾ ಆ್ಯಪ್ ಎಂದರೆ ಒಂದು ಜಾರ್ ಕಡತ. ಜೊತೆಗೆ ಬರುವ ಜಾಡ್ ಕಡತದಲ್ಲಿ ಆ್ಯಪ್‌ನ ಹೆಸರು, ಗಾತ್ರ, ಅನುಮತಿಗಳ ವಿವರ ಇರುತ್ತದೆ. ಅದರಲ್ಲಿ ಬರೆದ ಗಾತ್ರ ಜಾರ್‌ನ ಗಾತ್ರಕ್ಕೆ ತಾಳೆಯಾಗದಿದ್ದರೆ ಇನ್‌ಸ್ಟಾಲ್ ನಿಂತುಹೋಗುತ್ತದೆ. ಹಾಗಾದಾಗ ಜಾರ್ ಒಂದನ್ನೇ ಬಳಸುವುದು ಸುಲಭ. ಜಾರ್ ಕಡತ ಜಿಪ್ ಮಾದರಿಯದು. ಕಂಪ್ಯೂಟರಿನಲ್ಲಿ ತೆರೆದು ಒಳಗಿನ ಮ್ಯಾನಿಫೆಸ್ಟ್ ನೋಡಿದರೆ ಆ್ಯಪ್‌ಗೆ ಮೊಬೈಲ್ ಜಾವಾದ ಮಾನದಂಡವಾದ ಎಂಐಡಿಪಿಯ 1.0 ಆವೃತ್ತಿ ಸಾಕೋ 2.0 ಬೇಕೋ ತಿಳಿಯುತ್ತದೆ.

ಒಂದೇ ಆಟ ಬೇರೆ ಬೇರೆ ಪರದೆಗಳಿಗೆ ಬೇರೆ ಬೇರೆ ಕಡತವಾಗಿ ಬರುತ್ತಿತ್ತು. ನೋಕಿಯಾ 6600ಕ್ಕೆ 176×208, 6300ಕ್ಕೆ 240×320, 5233ಕ್ಕೆ 360×640 ಅಳತೆಯದು ಬೇಕು. ಹಳೆಯ ಆಟಗಳಿಗೂ ಹಕ್ಕುಸ್ವಾಮ್ಯ ಇರುತ್ತದೆ; ಸ್ವಂತ ಹಳೆಯ ಫೋನಿನಲ್ಲಿದ್ದ ಪ್ರತಿ ಅಥವಾ ಮುಕ್ತವಾಗಿ ಹಂಚಲಾದ ಆ್ಯಪ್ ಬಳಸುವುದೇ ಕ್ರಮ.

ಹಂತ 3: ಸಿಂಬಿಯನ್ ಫೋನಿನಲ್ಲಿ

ನೋಕಿಯಾ 5233, ಇ63ರಂಥ ಸಿಂಬಿಯನ್ ಕಾರ್ಯವ್ಯವಸ್ಥೆಯ ಫೋನುಗಳಲ್ಲಿ ಜಾವಾ ಮೊದಲೇ ಇರುತ್ತದೆ. ಆ್ಯಪ್ ಮ್ಯಾನೇಜರ್‌ನ ಸೆಟ್ಟಿಂಗ್ಸ್‌ನಲ್ಲಿ ಸಾಫ್ಟ್‌ವೇರ್ ಇನ್‌ಸ್ಟಲೇಶನ್‌ಗೆ ‘ಆಲ್’, ಆನ್‌ಲೈನ್ ಸರ್ಟಿಫಿಕೇಟ್ ಚೆಕ್‌ಗೆ ‘ಆಫ್’ ಆರಿಸಬೇಕು. ಬಳಿಕ ಜಾರ್ ಕಡತವನ್ನು ಮೆಮೊರಿ ಕಾರ್ಡ್ ಅಥವಾ ಬ್ಲೂಟೂತ್ ಮೂಲಕ ಫೋನಿಗೆ ತಂದು ತೆರೆದರೆ ಇನ್‌ಸ್ಟಾಲ್ ಆರಂಭವಾಗುತ್ತದೆ. ಆ್ಯಪ್ ಪದೇ ಪದೇ ಅನುಮತಿ ಕೇಳಿದರೆ ಆ್ಯಪ್ ಮ್ಯಾನೇಜರ್‌ನಲ್ಲೇ ಅದರ ಅನುಮತಿಗಳನ್ನು ಬದಲಿಸಬಹುದು.

ಹಂತ 4: ಹಳೆಯ ಆಂಡ್ರಾಯ್ಡ್‌ನಲ್ಲಿ

ಆಂಡ್ರಾಯ್ಡ್ ಜಾರ್ ಕಡತವನ್ನು ನೇರವಾಗಿ ಓಡಿಸುವುದಿಲ್ಲ. ಇದಕ್ಕೆ ಜೆ2ಎಂಇ ಲೋಡರ್ ಎಂಬ ಉಚಿತ, ಮುಕ್ತ ತಂತ್ರಾಂಶ ಬೇಕು. ಅದು ಸಿಗುವ ಎಫ್-ಡ್ರಾಯ್ಡ್ ತಾಣದಲ್ಲಿ ಪ್ರತಿ ಆವೃತ್ತಿಯ ಕೆಳಗೆ ಯಾವ ಆಂಡ್ರಾಯ್ಡ್‌ ಬೇಕೆಂದು ಬರೆದಿರುತ್ತದೆ. ಫೋನಿಗೆ ಒಪ್ಪುವುದನ್ನು ಆರಿಸಬೇಕು.

ಹಳೆಯ ಫೋನಿನ ಬ್ರೌಸರ್ ಇಂಥ ತಾಣಗಳನ್ನು ತೆರೆಯದೆ ಸರ್ಟಿಫಿಕೇಟ್ ದೋಷ ತೋರಿಸಬಹುದು. ಅನೇಕ ತಾಣಗಳು ಅವಲಂಬಿಸಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ರಂದು ಮುಗಿದಿದ್ದು, ಅದರ ಬದಲಿ ಪತ್ರ ಆಂಡ್ರಾಯ್ಡ್ 7.1.1ಕ್ಕಿಂತ ಹಿಂದಿನ ಫೋನುಗಳಲ್ಲಿ ಇಲ್ಲ. ಹಾಗಾದಾಗ ಲೋಡರನ್ನು ಹೊಸ ಫೋನಿನಲ್ಲಿ ಇಳಿಸಿಕೊಂಡು ಮೆಮೊರಿ ಕಾರ್ಡ್ ಇಲ್ಲವೇ ಯುಎಸ್‌ಬಿ ಕೇಬಲ್ ಮೂಲಕ ದಾಟಿಸಿದರೆ ಆಯಿತು. ಆಂಡ್ರಾಯ್ಡ್‌ನ ಬ್ಲೂಟೂತ್ ಕೆಲವು ಬಗೆಯ ಕಡತಗಳನ್ನು ಸ್ವೀಕರಿಸುವುದಿಲ್ಲ.

• ಆಂಡ್ರಾಯ್ಡ್ 7ರವರೆಗೆ ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ವಿಭಾಗದಲ್ಲಿ ‘ಅನ್‌ನೋನ್ ಸೋರ್ಸಸ್’ ಗುರುತು ಹಾಕಬೇಕು. ಆಂಡ್ರಾಯ್ಡ್ 8ರಿಂದ ಕಡತ ತೆರೆಯುವ ಆ್ಯಪ್‌ಗೆ ಪ್ರತ್ಯೇಕ ಅನುಮತಿ ಕೊಡಬೇಕು. ಕೆಲಸ ಮುಗಿದ ಮೇಲೆ ಇದನ್ನು ಹಿಂದಕ್ಕೆ ಪಡೆಯುವುದು ಸುರಕ್ಷಿತ.
• ಲೋಡರ್ ತೆರೆದು, ಸ್ಟೋರೇಜ್ ಅನುಮತಿ ಕೊಟ್ಟು, ಕೂಡಿಸುವ ಚಿಹ್ನೆ ಒತ್ತಿ ಜಾರ್ ಕಡತ ಆರಿಸಬೇಕು.
• ಮುಂದೆ ಬರುವ ಸೆಟ್ಟಿಂಗ್ಸ್‌ನಲ್ಲಿ ಕಡತಕ್ಕೆ ತಕ್ಕ ಪರದೆಯ ಅಳತೆ ನಮೂದಿಸಬೇಕು. ಗೊತ್ತಿಲ್ಲದಿದ್ದರೆ 240×320ರಿಂದ ಆರಂಭಿಸಬಹುದು.
• ಕೀಪ್ಯಾಡ್ ಆಟಗಳಿಗೆ ಪರದೆಯ ಮೇಲಿನ ಕೀಲಿಮಣೆ ಇರಲಿ, ಟಚ್ ಆ್ಯಪ್‌ಗಳಿಗೆ ಟಚ್ ಇನ್‌ಪುಟ್ ಚಾಲೂ ಇರಲಿ.

ಹಂತ 5: ತೊಡಕು ಬಂದಾಗ

ಚಿತ್ರ ಮೂಲೆಯಲ್ಲಿ ಚಿಕ್ಕದಾಗಿ ಕಂಡರೆ ಅಥವಾ ಅಂಚು ಕತ್ತರಿಸಿದಂತಿದ್ದರೆ ಪರದೆಯ ಅಳತೆ ತಪ್ಪಿದೆ ಎಂದರ್ಥ. ಲೋಡರ್‌ನ ಪಟ್ಟಿಯಲ್ಲಿ ಆ್ಯಪ್‌ನ ಹೆಸರನ್ನು ಒತ್ತಿ ಹಿಡಿದರೆ ಸೆಟ್ಟಿಂಗ್ಸ್ ಮತ್ತೆ ಸಿಗುತ್ತದೆ. ಕನ್ನಡದ ಬದಲು ಚೌಕಗಳು ಕಂಡರೆ ಆಂಡ್ರಾಯ್ಡ್ ಆವೃತ್ತಿ ನೋಡಬೇಕು: ಕನ್ನಡ ಲಿಪಿಗೆ ಬೆಂಬಲ ಸೇರಿದ್ದು 2012ರ ಆಂಡ್ರಾಯ್ಡ್ 4.1ರಲ್ಲಿ.

ಸರ್ವರ್ ಅವಲಂಬಿಸಿದ ಹಳೆಯ ಸುದ್ದಿ, ಚಾಟ್ ಆ್ಯಪ್‌ಗಳು ತೆರೆದುಕೊಂಡರೂ ಕೆಲಸ ಮಾಡುವ ಸಾಧ್ಯತೆ ಕಡಿಮೆ. ಜಿಯೋದಲ್ಲಿ 2ಜಿ, 3ಜಿ ಇಲ್ಲದ ಕಾರಣ ಅದರ ಸಿಮ್ ಸಿಂಬಿಯನ್ ಫೋನಿಗೆ ಹೊಂದುವುದಿಲ್ಲ. ಇ63ರಲ್ಲಿ ವೈ-ಫೈ ಇದೆ, 5233ರಲ್ಲಿ ಅದೂ ಇಲ್ಲ. ಆದ್ದರಿಂದ 2008ರ ಬೌನ್ಸ್ ಟೇಲ್ಸ್‌ನಂಥ ಆಟಗಳು, ನಿಘಂಟು, ಲೆಕ್ಕದ ಉಪಕರಣಗಳಂಥ ಇಂಟರ್ನೆಟ್ ಬೇಡದ ಆ್ಯಪ್‌ಗಳನ್ನೇ ಆರಿಸುವುದು ಲೇಸು. ಚೆನ್ನಾಗಿ ಓಡಿದ ಜಾರ್ ಕಡತಗಳ ಒಂದು ಪ್ರತಿಯನ್ನು ಕಂಪ್ಯೂಟರಿನಲ್ಲಿ ಉಳಿಸಿಟ್ಟರೆ ಫೋನು ಬದಲಾದಾಗ ಮತ್ತೆ ಹುಡುಕಬೇಕಾಗುವುದಿಲ್ಲ.