ಕ್ಯೂ.ಆರ್. ಫಲಕವೂ ಕಿರ್ದಿ ಪುಸ್ತಕವೂ: ಸಣ್ಣ ವರ್ತಕರಿಗೊಂದು ಪಾಠ

ಶಿವಮೊಗ್ಗ–ಸಾಗರ ಹೆದ್ದಾರಿಯ ಮೇಲಿರುವ ಆಯನೂರಿನಂತಹ ಹೋಬಳಿ ಕೇಂದ್ರದಲ್ಲಿಯೂ ಇಂದು ಚಹಾದಂಗಡಿಯಿಂದ ಗೊಬ್ಬರದ ಮಳಿಗೆಯವರೆಗೆ ಕ್ಯೂ.ಆರ್. ಫಲಕ ಕಾಣಸಿಗುತ್ತದೆ. 2016ರಲ್ಲಿ ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಆರಂಭಿಸಿದ ಯು.ಪಿ.ಐ. ವ್ಯವಸ್ಥೆಯು ಚಿಲ್ಲರೆಯ ತಾಪತ್ರಯವನ್ನು ನಿವಾರಿಸಿತು. ಬ್ಯಾಂಕ್ ಖಾತೆಯಿಂದ ಬರುವ ಇಂತಹ ಪಾವತಿಗಳಿಗೆ 2020ರ ಜನವರಿ 1ರಿಂದ ವರ್ತಕರು ಶುಲ್ಕ ತೆರಬೇಕಾಗಿಲ್ಲ. ಆದರೆ ಈ ಅನುಕೂಲದೊಡನೆ ಇನ್ನೊಂದು ಬದಲಾವಣೆಯೂ ಬಂದಿದೆ. ಹಿಂದೆ ಅಂಗಡಿಯ ಲೆಕ್ಕ ಗಲ್ಲಾಪೆಟ್ಟಿಗೆ ಮತ್ತು ಕಿರ್ದಿ ಪುಸ್ತಕದಲ್ಲಿ ಮಾತ್ರ ಇರುತ್ತಿತ್ತು. ಈಗ ಅದರ ಒಂದು ಪ್ರತಿ ಬ್ಯಾಂಕಿನಲ್ಲಿಯೂ ಪಾವತಿ ಕಂಪನಿಯಲ್ಲಿಯೂ ಇರುತ್ತದೆ. ದೇಶದ ಯು.ಪಿ.ಐ. ವಹಿವಾಟಿನ ಬಹುಪಾಲು ಫೋನ್‌ಪೇ ಮತ್ತು ಗೂಗಲ್ ಪೇ ಎಂಬ ಎರಡೇ ಆಪ್‌ಗಳ ಮೂಲಕ ಸಾಗುತ್ತದೆ.

ಇದರ ಪರಿಣಾಮವು 2025ರ ಜುಲೈ ತಿಂಗಳಲ್ಲಿ ರಾಜ್ಯದ ವರ್ತಕರ ಅನುಭವಕ್ಕೆ ಬಂದಿತು. 2021–22ರಿಂದ 2024–25ರವರೆಗಿನ ಯು.ಪಿ.ಐ. ಜಮೆಗಳನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿತು. ಬೆಂಗಳೂರಿನ ಹಲವು ಅಂಗಡಿಗಳಲ್ಲಿ ಕ್ಯೂ.ಆರ್. ಫಲಕ ಮಾಯವಾಗಿ ‘ನಗದು ಮಾತ್ರ’ ಎಂಬ ಚೀಟಿ ಕಾಣಿಸಿಕೊಂಡಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರೊಂದಿಗೆ ಸಭೆ ನಡೆಸಿ, ನೋಂದಣಿ ಮಾಡಿಸಿಕೊಳ್ಳುವವರಿಂದ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಭರವಸೆಯಿತ್ತ ಮೇಲೆ ಪ್ರತಿಭಟನೆ ತಣ್ಣಗಾಯಿತು. ಆದರೆ ಪ್ರತಿ ಸಲವೂ ಇಂತಹ ರಿಯಾಯಿತಿ ದೊರೆಯುವುದೆಂದು ಯಾರೂ ನಂಬಿ ಕೂರುವಂತಿಲ್ಲ.

ಈ ಪ್ರಸಂಗದ ನಂತರ ವರ್ತಕರಲ್ಲಿ ಎರಡು ಅಭಿಪ್ರಾಯಗಳು ಕೇಳಿಬರುತ್ತಿವೆ. ಯು.ಪಿ.ಐ. ಎಂಬುದು ಬಲೆ, ನಗದಿಗೆ ಮರಳುವುದೇ ಕ್ಷೇಮ ಎಂಬುದು ಒಂದು. ಮೊಬೈಲಿನಲ್ಲಿ ಎಲ್ಲವೂ ದಾಖಲಾಗಿರುವಾಗ ಬೇರೆ ಪುಸ್ತಕವೇಕೆ ಎಂಬುದು ಇನ್ನೊಂದು. ಎರಡೂ ಸರಿಯಲ್ಲ. ತೆರಿಗೆಯ ಹೊಣೆ ಹುಟ್ಟುವುದು ವಹಿವಾಟಿನಿಂದಲೇ ಹೊರತು ಪಾವತಿಯ ವಿಧಾನದಿಂದಲ್ಲ; ಆದುದರಿಂದ ಫಲಕ ತೆಗೆದುಹಾಕಿದರೆ ಹೊಣೆ ಕಳೆಯುವುದಿಲ್ಲ. ಇನ್ನು ಯಂತ್ರಕ್ಕೆ ಗೊತ್ತಿರುವುದು ಮೊತ್ತ ಮಾತ್ರ. ಅದು ಸರಕಿನ ಬೆಲೆಯೋ, ಮರಳಿ ಬಂದ ಕೈಸಾಲವೋ, ಮಗ ಕಳುಹಿಸಿದ ಮನೆಖರ್ಚಿನ ಹಣವೋ ಎಂಬುದನ್ನು ವರ್ತಕನ ಪುಸ್ತಕ ಮಾತ್ರ ಹೇಳಬಲ್ಲದು.

ಮಿತಿಗಳ ತಿಳಿವಳಿಕೆ

ಸರಕು ಮಾರಾಟಗಾರರಿಗೆ ಆರ್ಥಿಕ ವರ್ಷವೊಂದರಲ್ಲಿ ರೂ. 40 ಲಕ್ಷ, ಸೇವೆ ಒದಗಿಸುವವರಿಗೆ ರೂ. 20 ಲಕ್ಷ ಮೀರಿದರೆ ಜಿ.ಎಸ್.ಟಿ. ನೋಂದಣಿ ಕಡ್ಡಾಯ. ದಿನದ ಲೆಕ್ಕದಲ್ಲಿ ಹೇಳುವುದಾದರೆ ಮೊದಲನೆಯದು ಸುಮಾರು ರೂ. 10,960, ಎರಡನೆಯದು ಸುಮಾರು ರೂ. 5,480. ಹೋಟೆಲ್ ವ್ಯಾಪಾರವು ಸೇವೆಯೆನಿಸುತ್ತದೆ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಬೇರೆಯವರ ಕಬ್ಬಿಣವನ್ನು ಲೇತ್ ಹಿಡಿದು ಕೊಡುವ ಜಾಬ್ ವರ್ಕ್ ಘಟಕಕ್ಕೂ ರೂ. 20 ಲಕ್ಷದ ಮಿತಿಯೇ ಅನ್ವಯಿಸುತ್ತದೆ. ಹೊರರಾಜ್ಯಕ್ಕೆ ತೆರಿಗೆಯುಕ್ತ ಸರಕು ಮಾರುವವರು ಸಾಮಾನ್ಯವಾಗಿ ಈ ಮಿತಿಯ ಆಶ್ರಯ ಪಡೆಯುವಂತಿಲ್ಲ.

ಇಲ್ಲಿ ಎರಡು ಅಂಶಗಳನ್ನು ಗಮನಿಸತಕ್ಕದ್ದು. ಮೊದಲನೆಯದಾಗಿ, ಒಂದೇ ಪ್ಯಾನ್ ಸಂಖ್ಯೆಯಡಿ ಎರಡು ಅಂಗಡಿಗಳಿದ್ದರೆ ಎರಡರ ವಹಿವಾಟನ್ನೂ ಕೂಡಿಸಬೇಕು. ಎರಡನೆಯದಾಗಿ, ಹಾಲು, ತಾಜಾ ತರಕಾರಿಗಳಂತಹ ವಿನಾಯಿತಿ ಸರಕನ್ನು ಮಾತ್ರ ಮಾರುವವರಿಗೆ ನೋಂದಣಿ ಬೇಕಾಗಿಲ್ಲ. ಅದರೊಡನೆ ಬಿಸ್ಕತ್ತು, ಸಾಬೂನು ಮಾರಿದರೆ ಹಾಲಿನ ಮೊತ್ತವೂ ಮಿತಿಯ ಲೆಕ್ಕಕ್ಕೆ ಸೇರುತ್ತದೆ. 2025ರಲ್ಲಿ ಹಾವೇರಿಯಲ್ಲಿ ತರಕಾರಿ ಮಾರುವವರೊಬ್ಬರಿಗೆ ನಾಲ್ಕು ವರ್ಷಗಳ ರೂ. 1.63 ಕೋಟಿ ಜಮೆಗೆ ಸುಮಾರು ರೂ. 29 ಲಕ್ಷದ ನೋಟಿಸು ಬಂದುದು ದೊಡ್ಡ ಸುದ್ದಿಯಾಯಿತು. ಜಮೆಯ ಮೊತ್ತದಲ್ಲಿ ಸರಕಿನ ಹೆಸರು ಇರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಒಂದು ಮಾದರಿ ಲೆಕ್ಕ

ಆಯನೂರಿನ ಕಿರಾಣಿ ಅಂಗಡಿಯೊಂದನ್ನು ಕಲ್ಪಿಸಿಕೊಳ್ಳಬಹುದು. ವರ್ಷದಲ್ಲಿ ಯು.ಪಿ.ಐ. ಮೂಲಕ ಜಮೆಯಾದುದು ರೂ. 46 ಲಕ್ಷ. ಇದರಲ್ಲಿ ಮಾಲೀಕರು ತಮ್ಮದೇ ಇನ್ನೊಂದು ಖಾತೆಯಿಂದ ವರ್ಗಾಯಿಸಿಕೊಂಡುದು ರೂ. 4 ಲಕ್ಷ, ಬಂಧುಗಳು ಮರಳಿಸಿದ ಕೈಸಾಲ ರೂ. 3 ಲಕ್ಷ. ಉಳಿದ ರೂ. 39 ಲಕ್ಷ ಮಾತ್ರ ವ್ಯಾಪಾರದ್ದು. ಇಷ್ಟಕ್ಕೇ ನಿಂತರೆ ಅಂಗಡಿ ಮಿತಿಯ ಒಳಗಿದೆ. ಆದರೆ ನಗದು ಮಾರಾಟ ರೂ. 6 ಲಕ್ಷವಿದ್ದರೆ ನಿಜವಾದ ವಹಿವಾಟು ರೂ. 45 ಲಕ್ಷ, ನೋಂದಣಿ ಅನಿವಾರ್ಯ. ಪುಸ್ತಕವು ವರ್ತಕನನ್ನು ತಪ್ಪು ಹೊರೆಯಿಂದ ಕಾಪಾಡುತ್ತದೆ, ಜೊತೆಗೆ ಅವನ ನಿಜವಾದ ಹೊಣೆಯನ್ನೂ ತೋರಿಸುತ್ತದೆ.

ಈ ರೂ. 45 ಲಕ್ಷದಲ್ಲಿ ಹಾಲು, ತರಕಾರಿ ರೂ. 9 ಲಕ್ಷವಾದರೆ ತೆರಿಗೆಗೆ ಒಳಪಡುವುದು ರೂ. 36 ಲಕ್ಷ. ಸಕಾಲದಲ್ಲಿ ನೋಂದಾಯಿಸಿ ರಾಜಿ ತೆರಿಗೆ ಪದ್ಧತಿಯನ್ನು ಆರಿಸಿಕೊಂಡಿದ್ದರೆ, ಆ ಪೂರ್ಣ ಮೊತ್ತಕ್ಕೆ ಶೇ. 1ರಂತೆ ತೆರಿಗೆ ರೂ. 36,000 ಮಾತ್ರ. ನೋಂದಣಿಯಿಲ್ಲದೆ ಸಿಕ್ಕಿಬಿದ್ದು ಅಷ್ಟೇ ಮೊತ್ತಕ್ಕೆ ಶೇ. 5ರ ದರ ಬಿದ್ದರೂ ರೂ. 1.80 ಲಕ್ಷ, ಬಡ್ಡಿ, ದಂಡ ಬೇರೆ. ರಾಜಿ ಪದ್ಧತಿಯು ರೂ. 1.5 ಕೋಟಿ ವಹಿವಾಟಿನವರೆಗೆ ದೊರೆಯುತ್ತದೆ. ಆದರೆ ಗಿರಾಕಿಯಿಂದ ತೆರಿಗೆ ವಸೂಲು ಮಾಡಲು, ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ವಜಾ ಮಾಡಿಕೊಳ್ಳಲು, ಹೊರರಾಜ್ಯಕ್ಕೆ ಮಾರಲು ಅವಕಾಶವಿಲ್ಲ. ಐಸ್‌ಕ್ರೀಂ, ಪಾನ್ ಮಸಾಲ, ತಂಬಾಕು ಪದಾರ್ಥಗಳ ತಯಾರಕರಿಗೆ ಇದು ಅನ್ವಯಿಸುವುದಿಲ್ಲ.

ಅನುಸರಿಸಬೇಕಾದ ಕ್ರಮ

1. ವ್ಯಾಪಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಅಂಗಡಿಯ ಕ್ಯೂ.ಆರ್. ಫಲಕವನ್ನು ಅದಕ್ಕೆ ಮಾತ್ರ ಜೋಡಿಸಬೇಕು. ಮನೆಯ ಹಣ ಅದರಲ್ಲಿ ಬೆರೆಯಬಾರದು.

2. ಪ್ರತಿ ಸಂಜೆ ನಗದು, ಯು.ಪಿ.ಐ., ಉದ್ರಿ ಎಂದು ಮೂರು ಅಂಕಣಗಳಲ್ಲಿ ಮಾರಾಟವನ್ನು ಕಿರ್ದಿಯಲ್ಲಿ ಬರೆಯಬೇಕು. ವಿನಾಯಿತಿ ಸರಕಿನ ಮೊತ್ತವನ್ನು ಬೇರೆಯಾಗಿ ತೋರಿಸಬೇಕು.

3. ತಿಂಗಳಿಗೊಮ್ಮೆ ಬ್ಯಾಂಕ್ ಹೇಳಿಕೆಯನ್ನು ಕಿರ್ದಿಯೊಂದಿಗೆ ತಾಳೆ ನೋಡಿ, ಏಪ್ರಿಲ್‌ನಿಂದ ಆದ ಒಟ್ಟು ವಹಿವಾಟನ್ನು ಬರೆದಿಡಬೇಕು. ಹೊಣೆ ಉಂಟಾದ 30 ದಿನಗಳೊಳಗೆ ನೋಂದಣಿಗೆ ಅರ್ಜಿ ಸಲ್ಲಿಸತಕ್ಕದ್ದು.

4. ನೋಟಿಸು ಬಂದಲ್ಲಿ ವಾಟ್ಸ್ಆ್ಯಪ್ ಗುಂಪಿನ ಸಲಹೆಯನ್ನು ನೆಚ್ಚದೆ, ಖರೀದಿ ಬಿಲ್ಲು ಮತ್ತು ಕಿರ್ದಿಯೊಂದಿಗೆ ತೆರಿಗೆ ಸಲಹೆಗಾರರನ್ನು ಕಂಡು, ಗಡುವಿನೊಳಗೆ ಲಿಖಿತ ಉತ್ತರ ಕೊಡಬೇಕು. ಮೌನವಾಗಿದ್ದರೆ ಇಲಾಖೆಯ ಅಂದಾಜೇ ಅಂತಿಮವಾಗುವ ಸಂಭವವಿದೆ.

ತಾಂತ್ರಿಕ ಕಂಪನಿಗಳು ಒದಗಿಸುವ ಸೌಲಭ್ಯವನ್ನು ವರ್ತಕರು ಧಾರಾಳವಾಗಿ ಬಳಸಿಕೊಳ್ಳಬಹುದು. ಆದರೆ ವರ್ತಕನ ಪರವಾಗಿ ಲೆಕ್ಕ ಒಪ್ಪಿಸುವ ಕೆಲಸವನ್ನು ಯಾವ ಆಪ್ ಕೂಡ ವಹಿಸಿಕೊಂಡಿಲ್ಲ. ದಿನಕ್ಕೆ ಹತ್ತು ನಿಮಿಷ ಕಿರ್ದಿಗೆ ಮೀಸಲಿಡುವ ಅಂಗಡಿಗೆ ಕ್ಯೂ.ಆರ್. ಫಲಕದಿಂದ ಭಯವಿಲ್ಲ.