ಪ್ರಾಸ್ಟೇಟ್ ಅರ್ಬುದ ಯಾರಿಗೆ ಬರುವ ಸಂಭವ ಹೆಚ್ಚು?

ನಮ್ಮ ವಾಚನಾಲಯಕ್ಕೆ ದಿನವೂ ಸಂಜೆ ಬರುವ ಹಿರಿಯರೊಬ್ಬರಿದ್ದಾರೆ. ವಿಜಾಪುರದ ಕಡೆಯವರು, ವಯಸ್ಸು ಎಪ್ಪತ್ತೈದು ದಾಟಿದೆ. ಒಂದು ಪತ್ರಿಕೆ ಓದಿ ಮುಗಿಸುವಷ್ಟರಲ್ಲಿ ಎರಡು ಮೂರು ಸಲ ಎದ್ದು ಹೊರಗೆ ಹೋಗಿಬರಬೇಕಾಗುತ್ತದೆ. ಹಿಂದಿನ ತಿಂಗಳು ಬಾಗಿಲು ಹಾಕುವ ಹೊತ್ತಿಗೆ, ಉಳಿದವರೆಲ್ಲ ಹೋದ ಮೇಲೆ, ಬಹಳ ಸಂಕೋಚದಿಂದ ಕೇಳಿದರು: "ತಮ್ಮಾ, ಎಮರ್ಜೆನ್ಸ್ಯಾಗ ನಮ್ಮನ್ನೆಲ್ಲ ಕರಕೊಂಡು ಹೋಗಿ ಆಪರೇಶನ್ ಮಾಡಿದ್ರಲ್ಲಾ, ಅದರಿಂದ ಮುಂದ ಕ್ಯಾನ್ಸರ್ ಆಗ್ತದಂತ. ಖರೇ ಏನು?"

ಉತ್ತರ ನಮಗೆ ಆಗ ತಿಳಿದಿರಲಿಲ್ಲ. ಆಮೇಲೆ ಓದಿ, ಬಲ್ಲ ವೈದ್ಯರನ್ನು ಕೇಳಿ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇವೆ. ಇದೇ ಅಂಜಿಕೆ ಇನ್ನೂ ಹಲವು ಹಿರಿಯರಿಗೆ ಇದ್ದೀತು. ಕೇಳಲು ನಾಚಿಕೆ ಅಡ್ಡ ಬರುತ್ತದೆ, ಅಷ್ಟೆ.

ಪ್ರಾಸ್ಟೇಟ್ ಎಂಬುದು ಗಂಡಸರ ಶರೀರದಲ್ಲಿ ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಇರುವ ಒಂದು ಗ್ರಂಥಿ. ಪ್ರಾಯದಲ್ಲಿ ಅದರ ಗಾತ್ರ ಒಂದು ಅಕ್ರೋಟಿನಷ್ಟು, ತೂಕ ಸುಮಾರು 20 ಗ್ರಾಂ. ವೀರ್ಯದಲ್ಲಿ ಬೆರೆಯುವ ಒಂದು ದ್ರವವನ್ನು ಒದಗಿಸುವುದು ಅದರ ಕೆಲಸ. ಮೂತ್ರನಾಳ ಈ ಗ್ರಂಥಿಯ ನಡುವಿನಿಂದಲೇ ಹಾದುಹೋಗುತ್ತದೆ. ವಯಸ್ಸಾದಂತೆ ಗ್ರಂಥಿಯ ಒಳಭಾಗ ಬೆಳೆದು ನಾಳವನ್ನು ಒತ್ತುತ್ತದೆ. ಧಾರೆ ಸಣ್ಣದಾಗುತ್ತದೆ, ರಾತ್ರಿ ನಾಲ್ಕೈದು ಸಲ ಏಳಬೇಕಾಗುತ್ತದೆ. ಚಾಳಿನ ತುದಿಯ ಸಂಡಾಸಕ್ಕೆ ಅರ್ಧರಾತ್ರಿಯಲ್ಲಿ ಗೋಡೆ ಹಿಡಿದು ನಡೆಯುವ ಮುದುಕರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಬೆಳವಣಿಗೆ ಅರ್ಬುದವಲ್ಲ, ಮುಂದೆ ಅರ್ಬುದವಾಗಿ ಮಾರ್ಪಡುವುದೂ ಇಲ್ಲ. ಅರ್ಬುದವು ಬಹುಮಟ್ಟಿಗೆ ಹುಟ್ಟುವುದು ಗ್ರಂಥಿಯ ಹೊರ ಅಂಚಿನಲ್ಲಿ. ನಾಳದಿಂದ ಅದು ದೂರವಾದ್ದರಿಂದ ಮೊದಮೊದಲು ಯಾವ ಲಕ್ಷಣವೂ ಕಾಣಿಸದು. ಆದ್ದರಿಂದ ಮೂತ್ರದ ತೊಂದರೆ ಇದೆಯೆಂದರೆ ಅರ್ಬುದವೇ ಎಂದು ಹೆದರುವುದೂ ತಪ್ಪು, ತೊಂದರೆಯಿಲ್ಲವೆಂದು ನಿಶ್ಚಿಂತರಾಗುವುದೂ ತಪ್ಪು.

ಈ ರೋಗದ ಸಂಭವವನ್ನು ಹೆಚ್ಚಿಸುವ ಮೊದಲ ಸಂಗತಿ ವಯಸ್ಸು. 40 ವರ್ಷದೊಳಗೆ ಇದು ಬಲು ಅಪರೂಪ. 50 ದಾಟಿದ ಮೇಲೆ ಏರುತ್ತ ಹೋಗುತ್ತದೆ. ಅಮೆರಿಕದ ಲೆಕ್ಕದಂತೆ ರೋಗ ಪತ್ತೆಯಾದ ಹತ್ತು ಜನರಲ್ಲಿ ಆರು ಜನ 65 ಮುಟ್ಟಿದವರು. 1935ರಲ್ಲಿ ಅಮೆರಿಕದ ಆರ್ನಾಲ್ಡ್ ರಿಚ್ ಎಂಬ ವೈದ್ಯರು 50 ದಾಟಿ ಮೃತರಾದ 292 ಗಂಡಸರ ಶವಪರೀಕ್ಷೆಯ ದಾಖಲೆ ನೋಡಿದಾಗ ನೂರಕ್ಕೆ 14 ಮಂದಿಯಲ್ಲಿ ಈ ಅರ್ಬುದ ಸಿಕ್ಕಿತು. ಬಹು ಮಂದಿಯಲ್ಲಿ ಅದು ನಿಧಾನವಾಗಿ ಬೆಳೆಯುತ್ತ, ಉಪದ್ರವ ಕೊಡದೆಯೇ ಇದ್ದುಬಿಡುತ್ತದೆ. ಕೆಲವರಲ್ಲಿ ಮಾತ್ರ ಬೇಗನೆ ಎಲುಬಿಗೆ ಹಬ್ಬಿ ಬೆನ್ನು ಸೊಂಟಗಳ ನೋವಾಗಿ ಕಾಣಿಸಿಕೊಳ್ಳುತ್ತದೆ. ಪ್ರಾಣ ತೆಗೆಯುವುದು ಈ ಬಗೆಯದು.

ಎರಡನೆಯದು ಮನೆತನ. ತಂದೆಗೋ ಅಣ್ಣತಮ್ಮಂದಿರಿಗೋ ಈ ರೋಗ ಬಂದಿದ್ದರೆ ನಮಗೆ ಬರುವ ಸಂಭವ ಎರಡು ಪಟ್ಟಿಗೂ ಮಿಕ್ಕುತ್ತದೆ. ತಂದೆಗಿಂತ ಒಡಹುಟ್ಟಿದವರಿಗೆ ಬಂದಿದ್ದರೆ ಇನ್ನಷ್ಟು ಹೆಚ್ಚು. ಹೆಂಗಸರ ಕಡೆಯಿಂದಲೂ ಇದು ಬರಬಹುದೆಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಬಿ.ಆರ್.ಸಿ.ಎ.-2 ಎಂಬ ವಂಶವಾಹಿಯಲ್ಲಿ ದೋಷವಿದ್ದರೆ ಹೆಂಗಸರಿಗೆ ಸ್ತನದ, ಅಂಡಾಶಯದ ಅರ್ಬುದವೂ ಗಂಡಸರಿಗೆ ಪ್ರಾಸ್ಟೇಟಿನ ಅರ್ಬುದವೂ ಬರುವ ಸಂಭವ ಹೆಚ್ಚುತ್ತದೆ. ತಾಯಿಗೋ ಅಕ್ಕತಂಗಿಯರಿಗೋ ಆ ರೋಗವಿತ್ತೆಂದರೆ ಗಂಡುಮಕ್ಕಳೂ ಅದನ್ನು ವೈದ್ಯರಿಗೆ ಹೇಳತಕ್ಕದ್ದು.

ನಮ್ಮಂಥವರ ಕಷ್ಟ ಇರುವುದು ಇಲ್ಲಿಯೇ. ಹದಿನೆಂಟು ಇಪ್ಪತ್ತರ ಪ್ರಾಯದಲ್ಲಿ ಊರು ಬಿಟ್ಟು ಬಂದೆವು. ಅಪ್ಪ ತೀರಿಕೊಂಡರೆಂಬ ಸುದ್ದಿ ಬಂದಾಗ ರೈಲು ಹಿಡಿದು ಹೋಗಿ, ಕರ್ಮಾಂತರ ಮುಗಿಸಿ, ರಜೆ ತೀರಿತೆಂದು ಮರಳಿ ಬಂದೆವು. ಯಾವ ರೋಗವೆಂದು ಕೇಳಿದವರು ಎಷ್ಟು ಜನ? "ಮೂತ್ರ ಕಟ್ಟಿತ್ತು", "ಸೊಂಟ ಹಿಡಿದು ಮಲಗಿದ್ದರು", "ವಯಸ್ಸಾಗಿತ್ತು" ಎಂಬಷ್ಟೇ ನಮಗೆ ಗೊತ್ತು. ದಯವಿಟ್ಟು ವಾಚಕರು ಊರಿನ ಹಿರಿಯರಿಗೆ ಕಾಗದ ಬರೆದೋ ಫೋನ್ ಮಾಡಿಯೋ ಇದನ್ನು ಕೇಳಿ ತಿಳಿಯಬೇಕು. ಹಳೆಯ ಆಸ್ಪತ್ರೆಯ ಚೀಟಿ ಪೆಟ್ಟಿಗೆಯಲ್ಲಿ ಇದ್ದರೆ ಇನ್ನೂ ಒಳ್ಳೆಯದು. ನೋಡಿದ ವೈದ್ಯರಿಗೆ ಅದು ಎಷ್ಟೋ ಕೆಲಸ ಉಳಿಸುತ್ತದೆ.

ನೆಲ ಬದಲಾದರೂ ಫಲ ಬದಲಾಗುತ್ತದೆ. ಈ ರೋಗ ಅಮೆರಿಕ, ಯುರೋಪು, ಆಸ್ಟ್ರೇಲಿಯಗಳಲ್ಲಿ ಹೆಚ್ಚು, ಏಷ್ಯದಲ್ಲಿ ಕಡಿಮೆ. ಅಮೆರಿಕದ ಕರಿಯರಲ್ಲಿ ಬಿಳಿಯರಿಗಿಂತ ಹೆಚ್ಚು. ಜಪಾನಿನಿಂದ ಹವಾಯಿಗೂ ಅಮೆರಿಕಕ್ಕೂ ಹೋಗಿ ನೆಲೆಸಿದವರಲ್ಲಿ ಸ್ವದೇಶದವರಿಗಿಂತ ಹೆಚ್ಚಾಗಿ ಕಂಡುಬಂತು. ನಮ್ಮ ದೇಶದಲ್ಲಿಯೂ ದೆಹಲಿ, ಪುಣೆ, ಬೆಂಗಳೂರು, ಮುಂಬಯಿಗಳಂಥ ನಗರಗಳ ದಾಖಲೆಗಳಲ್ಲಿ ಗಂಡಸರ ಅರ್ಬುದಗಳ ಪೈಕಿ ಇದು ಮುಂದಿನ ಸಾಲಿಗೆ ಬಂದಿದೆ. ನಗರದಲ್ಲಿ ಪರೀಕ್ಷೆಗೆ ಅನುಕೂಲವಿದ್ದು ಹೆಚ್ಚು ಪತ್ತೆಯಾಗುವುದೂ ಇದಕ್ಕೆ ಒಂದು ಕಾರಣ. ಬೊಜ್ಜು ಬೆಳೆದವರಲ್ಲಿ ರೋಗ ಉಗ್ರವಾಗಿರುವುದು ಹೆಚ್ಚು. ಬೀಡಿ ಸಿಗರೇಟು ಸೇದುವವರು ಈ ರೋಗದಿಂದ ಸಾಯುವುದು ಹೆಚ್ಚು. ಮಾತ್ರೆ ನುಂಗಿ ತಪ್ಪಿಸಿಕೊಳ್ಳುವೆವೆಂದರೆ ಆಗದು. ಸುಮಾರು 35,000 ಗಂಡಸರ ಮೇಲೆ 2001ರಲ್ಲಿ ಆರಂಭವಾದ ಒಂದು ಪ್ರಯೋಗದಲ್ಲಿ, 'ಇ' ಜೀವಸತ್ವ ತೆಗೆದುಕೊಂಡವರಲ್ಲಿ ರೋಗ ನೂರಕ್ಕೆ 17ರಷ್ಟು ಹೆಚ್ಚಿತೆಂದು 2011ರಲ್ಲಿ ಪ್ರಕಟವಾಯಿತು. ಟಾನಿಕ್ಕಿಗೆ ಸುರಿಯುವ ಹಣದಲ್ಲಿ ಎರಡು ಹೊತ್ತು ಸೊಪ್ಪು ತರಕಾರಿ ಕೊಳ್ಳಬಹುದು.

ಇನ್ನು ಆ ಹಿರಿಯರ ಪ್ರಶ್ನೆ. 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಲಕ್ಷಗಟ್ಟಲೆ ಗಂಡಸರಿಗೆ ಸಂತಾನ ನಿಲ್ಲಿಸುವ ಶಸ್ತ್ರಚಿಕಿತ್ಸೆ ಆಯಿತು. 1993ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಅದಕ್ಕೂ ಈ ಅರ್ಬುದಕ್ಕೂ ನಂಟಿದೆಯೆಂದು ಹೇಳಿ ದಿಗಿಲು ಹುಟ್ಟಿಸಿದ್ದವು. ತರುವಾಯ ನಡೆದ ಅಧ್ಯಯನಗಳಲ್ಲಿ ಹಲವಕ್ಕೆ ನಂಟೇ ಕಾಣಲಿಲ್ಲ. ಕಂಡ ಕೆಲವಕ್ಕೂ ಅದು ಅತ್ಯಲ್ಪ. ಆ ಶಸ್ತ್ರಚಿಕಿತ್ಸೆ ಕಾರಣವೆಂದು ವೈದ್ಯರು ಈಗ ಎಣಿಸುವುದಿಲ್ಲ. ಬಲವಂತದಿಂದ ಆದ ಅನ್ಯಾಯ ಬೇರೆ ಮಾತು. ಅದರ ಮೇಲೆ ಈ ಭಯವನ್ನೂ ಹೊರಬೇಕಾಗಿಲ್ಲ.

ಪರೀಕ್ಷೆಗೆ ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ಇದೆ. ಗ್ರಂಥಿ ಬರಿದೆ ಬೆಳೆದಿದ್ದರೂ, ಸೋಂಕಿದ್ದರೂ ಅದರ ಅಂಕಿ ಏರುವುದುಂಟು. ಒಂದು ಚೀಟಿ ನೋಡಿ ಎದೆಗುಂದಬಾರದು. ಸಾಮಾನ್ಯರು 50ರ ಹೊತ್ತಿಗೆ, ಮನೆತನದಲ್ಲಿ ರೋಗವಿದ್ದವರು 45ಕ್ಕೇ, ಈ ಪರೀಕ್ಷೆ ತಮಗೆ ಬೇಕೇ ಎಂದು ವೈದ್ಯರೊಡನೆ ಮಾತಾಡುವುದು ರೂಢಿ. ಎಪ್ಪತ್ತು ದಾಟಿದವರಿಗೆ ಅದರಿಂದ ಲಾಭ ಕಡಿಮೆಯಾದ್ದರಿಂದ ವೈದ್ಯರು ಅವರವರ ಸ್ಥಿತಿ ನೋಡಿ ಹೇಳುತ್ತಾರೆ. ಮೂತ್ರದಲ್ಲಿ ರಕ್ತ ಕಂಡರೆ, ಬಿಡದೆ ಸೊಂಟ ನೋಯುತ್ತಿದ್ದರೆ ಯಾವ ವಯಸ್ಸೆಂದು ನೋಡದೆ ತೋರಿಸತಕ್ಕದ್ದು.

ಆ ಹಿರಿಯರಿಗೆ ಇದನ್ನೆಲ್ಲ ಓದಿ ಹೇಳಿದೆವು. ಆಪರೇಶನ್ನಿನ ಮಾತು ಕೇಳಿ ನಕ್ಕರು. ಮನೆತನದ ಮಾತು ಬಂದಾಗ ಸುಮ್ಮನಾದರು. ಮರುದಿನ ಊರಿನ ಅತ್ತಿಗೆಗೆ ಫೋನ್ ಮಾಡಿ ಕೇಳಿದರಂತೆ. ಹತ್ತು ವರ್ಷದ ಹಿಂದೆ ತೀರಿಕೊಂಡ ಅಣ್ಣನಿಗೆ ಇದೇ ರೋಗವಿತ್ತು. ತಮ್ಮ ಹೆದರಿಯಾನೆಂದು ಯಾರೂ ಹೇಳಿರಲಿಲ್ಲ. ಕಳೆದ ಸೋಮವಾರ ಮಗನೊಡನೆ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬಂದಿದ್ದಾರೆ. ವರದಿ ಇನ್ನೂ ಬರಬೇಕಾಗಿದೆ.